ಗೇಣು ತೆರೆದ ಶಟರ್

ಇವತ್ತು ಬೆಳಿಗ್ಗೆ ನಮ್ಮ ಗ್ಯಾರೇಜಿನಲ್ಲಿ ಚಳಿ ಕಾಯಿಸುವ ಸ್ಟವ್ ಅನ್ನು ಈ ಚಳಿಗಾಲದಲ್ಲಿ ಮೊದಲ ಸಲ ಹೊತ್ತಿಸಿದೆವು. ಹೊತ್ತಿಸಿದವರು ನಮ್ಮ ಯಜಮಾನರು. ನಾನು ಬಾಗಿಲ ಬಳಿ ನಿಂತು ಸಲಹೆ ಕೊಟ್ಟೆ. ಬೇಸಿಗೆಯೆಲ್ಲ ಮೂಲೆಯಲ್ಲಿ ಕೂತು ದೂಳು ತಿಂದಿದ್ದ ಬತ್ತಿ ಎರಡು ಸಲ ಕೆಮ್ಮಿ, ಒಂದಿಷ್ಟು ಕಪ್ಪು ಹೊಗೆ ಉಗುಳಿ, ಆಮೇಲೆ ಸಮವಾಗಿ ಉರಿಯತೊಡಗಿತು. ಸೀಮೆಎಣ್ಣೆಯ ವಾಸನೆ ಗಮ್ಮೆಂದು ಹಬ್ಬಿತು. ನಾಲ್ಕು ವರ್ಷದ ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ಕುಸಾಯ್!" ಎಂದು ಕಿರುಚಿ ಒಳಗೆ ಓಡಿದಳು. ನಾತ ಎನ್ನುವುದಕ್ಕೆ ಅವಳ ಬಾಯಿಗೆ ಮೊದಲು ಬರುವ ಮಾತು ಅದೇ. ನಾನು ಮಾತ್ರ ಎದೆ ತುಂಬ ಉಸಿರೆಳೆದುಕೊಂಡೆ. ನೀವು ನಗಬಹುದು. ಮಲ್ಲಿಗೆಗೆ ಮೂಗೊಡ್ಡುವವರನ್ನು, ಮೊದಲ ಮಳೆಯ ಮಣ್ಣಿಗೆ ಮೂಗೊಡ್ಡುವವರನ್ನು ನೀವು ಕಂಡಿರುತ್ತೀರಿ. ಸೀಮೆಎಣ್ಣೆಗೆ ಮೂಗೊಡ್ಡುವವಳನ್ನು ಕಂಡಿರಲಾರಿರಿ. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ನಾವಿರುವುದು ಜಪಾನಿನ ಹಮಾಮತ್ಸುವಿನಲ್ಲಿ. ಇಲ್ಲಿ ಹಿಮ ಬೀಳುವುದಿಲ್ಲ ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಹಿಮದ ಬದಲು ಇಲ್ಲಿ ಗಾಳಿ ಇದೆ ಎನ್ನುವುದನ್ನು ಯಾರೂ ಹೇಳುವುದಿಲ್ಲ. ಡಿಸೆಂಬರ್ ಬಂತೆಂದರೆ ಬಯಲಿನ ಮೇಲಿಂದ ಒಣಗಾಳಿಯೊಂದು ಎದ್ದು, ಸಾಲ ವಸೂಲಿಗೆ ಬಂದವನ ಹಾಗೆ ಕಿಟಕಿ ಬಾಗಿಲುಗಳನ್ನು ಬಡಿಯುತ್ತದೆ. ಇನ್ನು ಈ ದೇಶದವರು ಚಳಿಯನ್ನು ಎದುರಿಸುವ ಕ್ರಮವೇ ಬೇರೆ. ಇವರು ಮನೆಯನ್ನು ಬಿಸಿ ಮಾಡುವುದಿಲ್ಲ. ಮನುಷ್ಯನನ್ನೇ ಒಂದೊಂದು ಅಂಗವಾಗಿ ಬಿಸಿ ಮಾಡುತ್ತಾರೆ. ಕಾಲಿಗೆ ಬಿಸಿ ಮೇಜು, ಸೊಂಟಕ್ಕೆ ಅಂಟಿಸುವ ಬಿಸಿ ಚೀಟಿ, ಹಾಸಿಗೆಗೆ ಬಿಸಿನೀರಿನ ಡಬ್ಬಿ, ಕೂರುವ ಭಾಗಕ್ಕೆ ಕರೆಂಟಿನ ಕಮೋಡು. ಮೂಗೊಂದನ್ನು ಮರೆತಿದ್ದಾರೆ. ಮೊದಲ ವರ್ಷ ನಾನು ಮೂಗಿಗೆ ಸೆರಗು ಕಟ್ಟಿಕೊಂಡು ಮಲಗುತ್ತಿದ್ದೆ. ಆಮೇಲೆ ಕೊರೋನಾ ಬಂದು ಊರಿಗೆಲ್ಲ ಮಾಸ್ಕ್ ತೊಡಿಸಿದಾಗ ನನ್ನ ಮೂಗಿಗೆ ಮಾತ್ರ ಒಳ್ಳೆಯದೇ ಆಯಿತು.

ನಮ್ಮ ಯಜಮಾನರ ಕೆಲಸವನ್ನು ನಿಮಗೆ ಹೇಳಲೇಬೇಕು. ಅವರು ಇಲ್ಲಿಯ ಒಂದು ವಾಹನ ಕಂಪನಿಯಲ್ಲಿ ಎಂಜಿನ್ ತಣ್ಣಗಿಡುವ ವಿಭಾಗದ ಎಂಜಿನಿಯರ್. ಬಿಸಿ ಹೇಗೆ ಹುಟ್ಟುತ್ತದೆ, ಎಲ್ಲಿಂದ ಎಲ್ಲಿಗೆ ಓಡುತ್ತದೆ, ಅದನ್ನು ಹೇಗೆ ಹೊರಗಟ್ಟಬೇಕು ಎನ್ನುವುದರಲ್ಲಿ ಹದಿನೈದು ವರ್ಷ ಸವೆಸಿದವರು. ಮನೆಯಲ್ಲೂ ಆ ವಿದ್ಯೆ ಕೈಬಿಟ್ಟಿಲ್ಲ. ಕಾಫಿಯಿಂದ ಹಿಡಿದು ನನ್ನ ಉತ್ಸಾಹದವರೆಗೆ ಎಲ್ಲವನ್ನೂ ಎರಡು ನಿಮಿಷದಲ್ಲಿ ತಣ್ಣಗೆ ಮಾಡಬಲ್ಲರು. ಇಂಥವರು ಆ ವರ್ಷ, ಕೊರೋನಾ ಕಾಲದ ಎರಡನೆಯ ಚಳಿಗಾಲದಲ್ಲಿ, ನಮ್ಮ ಬಾಡಿಗೆ ಮನೆಯ ಗ್ಯಾರೇಜನ್ನು ಬಿಸಿ ಮಾಡಲು ಹೊರಟರು. ಅದರ ಕಥೆಯೇ ಇದು.

ಆಗ ನನಗೆ ಆರು ತಿಂಗಳು ತುಂಬಿತ್ತು. ಮೈಸೂರಿನಿಂದ ಅಮ್ಮ ಬಾಣಂತನಕ್ಕೆ ಬರುವುದೆಂದು ಮೊದಲೇ ತೀರ್ಮಾನವಾಗಿತ್ತು. ಅಮ್ಮನ ಸೂಟ್‌ಕೇಸಿನಲ್ಲಿ ಮೆಂತ್ಯದ ಪುಡಿ, ಹಿಪ್ಪಲಿ, ಹರಳೆಣ್ಣೆ, ಹಳೆಯ ಮೆತ್ತನೆಯ ಪಂಚೆಗಳು ಸೇರಿಕೊಂಡು ಎರಡು ತಿಂಗಳಾಗಿತ್ತು. ವೀಸಾ ಇನ್ನೇನು ಸಿಕ್ಕಿತು ಎನ್ನುವಷ್ಟರಲ್ಲಿ ಗಡಿ ಮುಚ್ಚಿದರು. ಫೋನಿನಲ್ಲಿ ಅಮ್ಮ, "ಪರವಾಗಿಲ್ಲ ಬಿಡೇ, ಮುಂದಿನ ತಿಂಗಳು ತೆಗೀತಾರೆ" ಎಂದಳು. ಮುಂದಿನ ತಿಂಗಳೂ ತೆಗೆಯಲಿಲ್ಲ. ಒಂದು ಭಾನುವಾರ ಊಟದ ತಟ್ಟೆಯ ಮುಂದೆ ಕೂತು ನಾನು ಅತ್ತುಬಿಟ್ಟೆ. "ನನ್ನ ಮಗೂಗೆ ನೀರೆರೆಯೋರು ಯಾರ್ರೀ? ಕಾಲ್ಮೇಲೆ ಹಾಕ್ಕೊಂಡು ಎಣ್ಣೆ ಹಚ್ಚಿ ಎರೆಯೋಕೆ ನಂಗೂ ಬರಲ್ಲ, ನಿಮಗಂತೂ ಕೈಯಲ್ಲಿ ಲೋಟಾನೇ ನಿಲ್ಲಲ್ಲ."

ಅದು ಸುಳ್ಳಲ್ಲ. ಮದುವೆಯಲ್ಲಿ ಬಂದ ಹನ್ನೆರಡು ಗಾಜಿನ ಲೋಟಗಳಲ್ಲಿ ಜಪಾನಿಗೆ ಬಂದು ಉಳಿದದ್ದು ಎರಡು.

ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಗ್ಯಾರೇಜಲ್ಲಿ ಒಂದು ಚಪ್ಪಲಿ ಗೂಡು ಮಾಡ್ತೀನಿ" ಎಂದರು.

ನನಗೆ ಹೇಗಾಗಿರಬೇಡ! ಹೆಂಡತಿ ಕಣ್ಣೀರು ಹಾಕುತ್ತಿದ್ದರೆ ಗಂಡನಿಗೆ ಚಪ್ಪಲಿ ಇಡುವ ಜಾಗದ ಯೋಚನೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ದಿನ ಉಳಿದ ಸಾರನ್ನು ನಾನು ಬಿಸಿ ಮಾಡದೆಯೇ ಬಡಿಸಿದೆ.

ನಮ್ಮ ಗ್ಯಾರೇಜ್ ದೊಡ್ಡದೇನಲ್ಲ. ಒಂದು ಕಾರು ನಿಲ್ಲುವಷ್ಟು ಜಾಗ, ಸಿಮೆಂಟಿನ ನೆಲ, ಕಾರು ತೊಳೆದ ನೀರು ಹೋಗಲು ಮೂಲೆಯಲ್ಲೊಂದು ತೂಬು, ಒಂದು ನಲ್ಲಿ. ಮುಂದೆ ಮೇಲಕ್ಕೆ ಸುತ್ತಿಕೊಳ್ಳುವ ತಗಡಿನ ಶಟರ್, ಪಕ್ಕದಲ್ಲಿ ಅಡುಗೆಮನೆಗೆ ಬರುವ ಸಣ್ಣ ಬಾಗಿಲು. ಮನೆಯ ಒಡತಿ ಮೊಚಿಜುಕಿ ಸಾನ್ ಎಂಬ ಎಪ್ಪತ್ತೈದರ ಹೆಂಗಸು, ಪಕ್ಕದ ಮನೆಯಲ್ಲೇ ಇದ್ದಾರೆ. ಶಟರಿನ ಮುಂದೆ, ಕಾರಿನ ದಾರಿಯ ಅಂಚಿಗೇ ಅವರ ತರಕಾರಿ ಪಾತಿ. ಕಾರನ್ನು ಬೀದಿಯಾಚೆಯ ಪಾರ್ಕಿಂಗಿಗೆ ಕಳಿಸಿ, ಯಜಮಾನರು ಹಲಗೆ, ಗರಗಸ, ಮರದ ಅಂಟು ತಂದರು. ಮಾರನೆಯ ದಿನವೇ ಘೋಷಣೆ ಹೊರಟಿತು: ಗ್ಯಾರೇಜಿನಲ್ಲಿ ಆರೇ ಡಿಗ್ರಿ ಇದೆ, ಇಷ್ಟು ಚಳಿಯಲ್ಲಿ ಅಂಟು ಹಿಡಿಯುವುದಿಲ್ಲ, ಸ್ಟವ್ ಬೇಕು.

ಕೆಂಪು ಡಬ್ಬಿಯಲ್ಲಿ ಸೀಮೆಎಣ್ಣೆ ಬಂತು. ಅದರ ಮುಚ್ಚಳ ತೆಗೆದ ಕ್ಷಣ ನನ್ನ ಜೀವನದಲ್ಲಿ ಒಂದು ಹೊಸ ಅಧ್ಯಾಯ ತೆರೆಯಿತು ಎಂದು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಬಸುರಿಯರಿಗೆ ಬಯಕೆ ಎಂದರೆ ಮಾವಿನಕಾಯಿ, ಹುಣಸೆಹಣ್ಣು, ಬಹಳವೆಂದರೆ ಹಸಿಮಣ್ಣು. ಅಮ್ಮ ನನ್ನನ್ನು ಹೊತ್ತಿದ್ದಾಗ ಹಿತ್ತಿಲ ಸುಣ್ಣದ ಗೋಡೆ ಕೆರೆದು ತಿಂದಿದ್ದಳಂತೆ. ನನ್ನ ಬಯಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನನಗೆ ಸೀಮೆಎಣ್ಣೆಯ ವಾಸನೆ ಬೇಕೆನಿಸತೊಡಗಿತು. ಬೇಕು ಎಂದರೆ ಅಂತಿಂಥ ಬೇಕಲ್ಲ. ಬೆಳಿಗ್ಗೆ ಎದ್ದೊಡನೆ ಬೇಕು, ಊಟವಾದ ಮೇಲೆ ಎಲೆ ಅಡಿಕೆಯ ಹಾಗೆ ಬೇಕು. ಒಳ್ಳೆಯದಲ್ಲ ಎಂದು ಗೊತ್ತಿತ್ತು. ಡಾಕ್ಟರ ಮುಂದೆ ಬಾಯಿ ಬಿಡಲಿಲ್ಲ. ಗಂಡನ ಮುಂದಂತೂ ಇಲ್ಲವೇ ಇಲ್ಲ, ಬೆಂಗಳೂರಿನಲ್ಲಿ ಎಂ.ಎಸ್ಸಿ. ಮಾಡಿದವಳು, ಸೀಮೆಎಣ್ಣೆ ಮೂಸುತ್ತೇನೆ ಎಂದು ಹೇಳುವುದು ಹೇಗೆ?

ಅದಕ್ಕೇ ಒಂದು ಉಪಾಯ ಮಾಡಿದೆ. ಕೊರೋನಾದಿಂದಾಗಿ ಆಗ ಅವರಿಗೆ ಮನೆಯಿಂದಲೇ ಆಫೀಸು, ಬಿಡುವು ಸಿಕ್ಕಾಗಲೆಲ್ಲ ಗ್ಯಾರೇಜಿನಲ್ಲೇ ಇರುತ್ತಿದ್ದರು. ದಿನಾ ಮೂರು ಗಂಟೆಗೆ ಒಂದು ಲೋಟ ಕಾಫಿ ಹಿಡಿದು ಗ್ಯಾರೇಜಿಗೆ ಹೋಗುವುದು, ಕೆಂಪು ಡಬ್ಬಿಯ ಪಕ್ಕದಲ್ಲೇ ಇದ್ದ ಮುಕ್ಕಾಲಿಯ ಮೇಲೆ ಕೂರುವುದು, ಚಪ್ಪಲಿ ಗೂಡಿನ ಪ್ರಗತಿ ವಿಚಾರಿಸುವುದು. ಹತ್ತು ನಿಮಿಷ ಗಂಡನ ಮೇಲಿನ ಪ್ರೀತಿಯಿಂದ ಕೂತವಳ ಹಾಗೆ ಕೂತು, ಹೊಟ್ಟೆ ತುಂಬ ವಾಸನೆ ಎಳೆದುಕೊಂಡು ಬರುತ್ತಿದ್ದೆ. ಆ ವಾಸನೆಯಲ್ಲಿ ಅಂಥದ್ದೇನಿತ್ತು ಎಂದು ಆಗ ಯೋಚಿಸಲಿಲ್ಲ. ಮೈಸೂರಿನಲ್ಲಿ ಗ್ಯಾಸ್ ಮುಗಿದ ದಿನ ಅಮ್ಮ ಅಟ್ಟದಿಂದ ಹಿತ್ತಾಳೆಯ ಪಂಪ್ ಸ್ಟವ್ ಇಳಿಸಿ, ಪಿನ್ನಿನಿಂದ ಚುಚ್ಚಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ಪಂಪ್ ಹೊಡೆಯುತ್ತಿದ್ದಳು. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದೆ. ನನಗೆ ಬೇಕಾಗಿದ್ದದ್ದು ಸೀಮೆಎಣ್ಣೆಯಲ್ಲ, ಅಮ್ಮ. ಇದು ಹೊಳೆದದ್ದು ಹೆರಿಗೆಯಾಗಿ ಎಷ್ಟೋ ದಿನದ ಮೇಲೆ.

ಇತ್ತ ಗ್ಯಾರೇಜ್ ಬಿಸಿಯಾಗುವ ಲಕ್ಷಣವೇ ಕಾಣಲಿಲ್ಲ. ಯಜಮಾನರು ಗೋಡೆಗೆ ಥರ್ಮಾಮೀಟರ್ ತೂಗುಹಾಕಿ ಪಕ್ಕದಲ್ಲಿ ಸೀಮೆಸುಣ್ಣದಿಂದ ಬರೆಯುತ್ತಿದ್ದರು: ಒಂಬತ್ತು, ಹನ್ನೊಂದು, ಹನ್ನೆರಡೂವರೆ. ಕಿಟಕಿಗೆ ಗುಳ್ಳೆ ಪ್ಲಾಸ್ಟಿಕ್ ಅಂಟಿಸಿದರು. ಗೋಡೆಗೆ ರಟ್ಟು ಬಡಿದರು. ನೆಲಕ್ಕೆ ರಬ್ಬರ್ ಹಾಸಿದರು. ಮೊಚಿಜುಕಿ ಸಾನ್ ಕೊಟ್ಟ ಹಳೆಯ ರಜಾಯಿಗಳನ್ನು ತಗಡಿನ ಮೇಲೆಲ್ಲ ಇಳಿಬಿಟ್ಟರು. ಎರಡನೆಯ ಸ್ಟವ್ ಬಂತು. ಇಷ್ಟೆಲ್ಲ ಮಾಡಿ, ಶಟರನ್ನು ಮಾತ್ರ ನೆಲದಿಂದ ಒಂದು ಗೇಣು ಎತ್ತಿಯೇ ಇಟ್ಟಿದ್ದರು! ಪಕ್ಕದ ಬಾಗಿಲೂ ಅರೆತೆರೆದೇ ಇರುತ್ತಿತ್ತು. ಒಳಗೆ ಎರಡು ಸ್ಟವ್ ಬುಸುಗುಡುತ್ತಿದ್ದರೆ ಶಟರಿನಡಿಯಿಂದ ಬಯಲಿನ ಗಾಳಿ ನೆಂಟನ ಹಾಗೆ ನುಗ್ಗಿ ಬಂದು ಕಾಲು ಹಿಡಿಯುತ್ತಿತ್ತು.

"ರೀ, ಹೊಳೇಲಿ ಹುಣಸೆಹಣ್ಣು ಕಿವುಚೋದು ಅಂದ್ರೆ ಇದೇನೇ. ಆ ಶಟರ್ ಮುಚ್ರೀ!"

"ಕಂಕಿ ಕಣೇ, ಕಂಕಿ."

ಕಂಕಿ ಎಂದರೆ ಗಾಳಿ ಆಡಿಸುವುದು. ಆ ಕಾಲದಲ್ಲಿ ಇಲ್ಲಿ ಎಲ್ಲರ ಬಾಯಲ್ಲೂ ಅದೇ ಮಂತ್ರ. ಕೊರೆಯುವ ಚಳಿಯಲ್ಲೂ ರೈಲುಗಳು ಕಿಟಕಿ ತೆರೆದೇ ಓಡುತ್ತಿದ್ದವು. ಆದರೆ ಸ್ಟವ್ ಜೊತೆ ಬಂದ ಪುಸ್ತಕದಲ್ಲಿ ಗಂಟೆಗೆ ಒಂದೆರಡು ಸಲ ಬಾಗಿಲು ತೆರೆದರೆ ಸಾಕು ಎಂದು ಚಿತ್ರ ಸಮೇತ ಬರೆದಿತ್ತು. ಅದನ್ನು ನಾನೇ ಓದಿ ತೋರಿಸಿದೆ. ಅವರು, "ಹೂಂ" ಎಂದು ಶಟರನ್ನು ಇನ್ನೊಂದು ಬೆರಳು ಮೇಲೆತ್ತಿದರು. ಎಂಜಿನ್ ತಣ್ಣಗಿಡುವ ಕೈಗೆ ಬಿಸಿ ಮಾಡುವ ವಿದ್ಯೆ ಹತ್ತುವುದಿಲ್ಲ ಎಂದು ಊರಿಗೆಲ್ಲ ಫೋನ್ ಮಾಡಿ ಹೇಳಿದೆ. ಮೊಚಿಜುಕಿ ಸಾನ್ ಕೂಡ ಒಂದು ದಿನ ಪಾತಿಯಲ್ಲಿ ಬಗ್ಗಿದ್ದವರು ಎದ್ದು, "ಅಮ್ಮಾವ್ರೇ, ನಿಮ್ಮ ಯಜಮಾನರು ನನ್ನ ಹಕುಸಾಯ್‌ ಬೆಳೆಯನ್ನು ಬೆಚ್ಚಗೆ ಮಾಡುತ್ತಿದ್ದಾರೆ, ಅರಿಗಾತೋ" ಎಂದು ಉಪಕಾರ ನೆನೆದು ತಲೆಬಾಗಿದರು. ಈ ದೇಶದಲ್ಲಿ ಗೇಲಿ ಮಾಡುವಾಗಲೂ ತಲೆಬಾಗುತ್ತಾರೆ.

ಹಕುಸಾಯ್ ಎಂದರೆ ಚಳಿಗಾಲದ ಉದ್ದನೆಯ ಕೋಸು. ಮೂರು ಕಿಲೋ ತೂಗುತ್ತದೆ, ತೊಡೆಯ ಮೇಲೆ ಮಲಗಿಸಿಕೊಳ್ಳಬಹುದು. ಮೊಚಿಜುಕಿ ಸಾನ್ ವಾರಕ್ಕೊಂದನ್ನು ಶಟರಿನಡಿಯಿಂದಲೇ ಯಜಮಾನರ ಕೈಗೆ ದಾಟಿಸುತ್ತಿದ್ದರು. ಆ ಕೋಸುಗಳ ವಿಷಯದಲ್ಲಿ ನನಗೊಂದು ಅನುಮಾನ ಇದ್ದೇ ಇತ್ತು. ಗ್ಯಾರೇಜಿನಿಂದ ಅಡುಗೆಮನೆಗೆ ಬರುವಾಗ ಅವು ತೊಳೆದು ಫಳಫಳ ಹೊಳೆಯುತ್ತಿದ್ದವು. ಒಂದು ಬೆಚ್ಚಗಿತ್ತು. ಇನ್ನೊಂದು ತಲೆಯ ಭಾಗದಲ್ಲಿ ಸೀಳಿತ್ತು. ಪಲ್ಯಕ್ಕೆ ಹೆಚ್ಚಿದರೆ ಕೊಬ್ಬರಿಎಣ್ಣೆಯ ಘಮ. ಕೇಳಿದರೆ, "ಮಣ್ಣಿತ್ತು, ಬಿಸಿನೀರಲ್ಲಿ ತೊಳೆದೆ" ಎನ್ನುವರು. ಗಂಡ ತರಕಾರಿ ತೊಳೆದುಕೊಡುವುದು ನಿತ್ಯ ನಡೆಯುವ ಸಂಗತಿಯಲ್ಲವಾದ್ದರಿಂದ ನಾನು ಹೆಚ್ಚು ಕೆದಕಲಿಲ್ಲ.

ಇನ್ನೊಂದು ಮಾತು. ಹುಟ್ಟುವ ಮುಂಚೆ ಮಗುವಿಗೆಂದು ಏನನ್ನೂ ತರಬಾರದು, ಸಿದ್ಧ ಮಾಡಬಾರದು ಎಂದು ನಮ್ಮ ಕಡೆ ಹೇಳುತ್ತಾರಲ್ಲ. ಅದನ್ನೆಲ್ಲ ನಂಬುವವಳಲ್ಲ ಎಂದು ಹೇಳಿಕೊಂಡು ತಿರುಗುವ ನಾನು, ಇವರ ಆಫೀಸಿನವರೊಬ್ಬರು ಕಳಿಸಿದ ಪುಟ್ಟ ಕಾಲುಚೀಲವನ್ನು ಕಂಡು ರಂಪ ಮಾಡಿದ್ದೆ. ಕಾಲುಚೀಲ ಮೊಚಿಜುಕಿ ಸಾನ್ ಮನೆಯಲ್ಲಿ ಅಡಗಿ ಕೂತಿತ್ತು. ಆದ್ದರಿಂದ ಈ ಮನೆಯಲ್ಲಿ ಮಗುವಿಗಾಗಿ ಏನಾದರೂ ತಯಾರಿ ಮಾಡುವವರು ನನ್ನ ಕಣ್ಣು ತಪ್ಪಿಸಿಯೇ ಮಾಡಬೇಕಾಗಿತ್ತು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಗ್ಯಾರೇಜಿಗೆ ಬರಬೇಡ, ಆಗ ಅಂಟು ಹಚ್ಚುತ್ತೇನೆ, ಅದರ ವಾಸನೆ ನಿನಗೆ ಒಳ್ಳೆಯದಲ್ಲ ಎಂದು ಅವರ ಕಟ್ಟಪ್ಪಣೆ. ಜನವರಿಯ ಒಂದು ದಿನ ನನ್ನ ಬಯಕೆ ಮೂರು ಗಂಟೆಯವರೆಗೆ ಕಾಯಲಿಲ್ಲ. ಹನ್ನೆರಡೂಮುಕ್ಕಾಲಕ್ಕೇ ಕಳ್ಳಹೆಜ್ಜೆಯಲ್ಲಿ ಹೋದೆ. ಅರೆತೆರೆದ ಬಾಗಿಲ ಸಂದಿಯಿಂದ ಅಮ್ಮನ ಧ್ವನಿ ಕೇಳಿಸಿತು.

"ಅಳಿಯಂದ್ರೇ, ಕಾಲು ಇನ್ನೂ ಸ್ವಲ್ಪ ಕೂಡಿಸ್ಕೊಳ್ಳಿ. ಸಂದೀಲಿ ಜಾರತ್ತೆ."

ಇಲ್ಲಿ ನೀವೊಂದು ವಿಷಯ ತಿಳಿಯಬೇಕು. ಮದುವೆಯಾದ ದಿನದಿಂದ ಅಮ್ಮ ಅಳಿಯನ ಜೊತೆ ನೇರವಾಗಿ ಮಾತಾಡಿದ್ದೇ ಇಲ್ಲ. ಅವರು ಎದುರಿಗೇ ಕೂತಿದ್ದರೂ, "ಅವರಿಗೆ ಇನ್ನೊಂದು ಹೋಳಿಗೆ ಬೇಕಾ ಕೇಳೇ" ಎಂದು ನನ್ನನ್ನು ಕೇಳುವಳು. ಅವರು, "ಸಾಕು ಅಂತ ಹೇಳು" ಎಂದು ನನಗೆ ಹೇಳುವರು. ನಡುವೆ ನಾನು ಟೆಲಿಫೋನ್ ಕಂಬ. ಆ ಅಮ್ಮ ಈಗ ಫೋನಿನಲ್ಲಿ, ಸ್ಟವ್ ಪಕ್ಕದ ಬಣ್ಣದ ಡಬ್ಬಿಗೆ ಒರಗಿ ನಿಂತು ಪಾಠ ಹೇಳುತ್ತಿದ್ದಳು. ನಮ್ಮ ಯಜಮಾನರು ಪ್ಯಾಂಟು ಮಂಡಿಯವರೆಗೆ ಮಡಿಸಿ, ಹಲಗೆಯ ಮೇಲೆ ಕೂತು, ಎರಡೂ ಕಾಲು ಮುಂದಕ್ಕೆ ಚಾಚಿದ್ದರು. ಕಾಲಿನ ಮೇಲೆ, ಮೈಯೆಲ್ಲ ಎಣ್ಣೆ ಹಚ್ಚಿಸಿಕೊಂಡು, ಒಂದು ಹಕುಸಾಯ್ ಅಂಗಾತ ಮಲಗಿತ್ತು.

"ಹೂಂ, ಈಗ ಎಡಗೈ ಹಣೆಗೆ ಅಡ್ಡ ಹಿಡೀರಿ. ಕಣ್ಣಿಗೆ ನೀರು ಹೋಗ್ಬಾರ್ದು. ಕಿವಿಗಂತೂ ಹೋಗ್ಲೇಬಾರ್ದು."

"ಅತ್ತೆ, ಇದಕ್ಕೆ ಕಿವಿ ಎಲ್ಲಿದೆ ಅಂತ ಇಟ್ಕೊಳ್ಳಲಿ?"

ಅಮ್ಮ ನಗಲಿಲ್ಲ. "ನಿಮ್ಮ ಹೆಬ್ಬೆರಳ ಹತ್ರ ಅಂತ ಇಟ್ಕೊಳ್ಳಿ. ಇದು ಎಷ್ಟನೇದು?"

"ನಾಲ್ಕನೇದು ಅತ್ತೆ. ಎರಡು ಜಾರಿ ಬಿದ್ವು. ಒಂದಕ್ಕೆ ತಲೆ ಒಡೀತು."

"ಪರವಾಗಿಲ್ಲ, ಕೋಸು ತಾನೆ. ಕೈ ನಡುಗಿಸ್ಬೇಡಿ. ನಾನೂ ಮೊದಲನೇ ಸಲ ನಡುಗಿದ್ದೆ. ಅಲ್ಲಿ ಎಷ್ಟಿದೆ ಬಿಸಿ?"

"ಹದಿಮೂರು. ಮಗೂಗೆ ಇಪ್ಪತ್ತಾರು ಬೇಕು. ಬಚ್ಚಲಲ್ಲಿ ಇನ್ನೂ ಕಮ್ಮಿ, ಕಾಲು ಚಾಚೋಕೂ ಜಾಗ ಇಲ್ಲ. ಮಗು ಬರೋ ಹೊತ್ತಿಗೆ ಇಲ್ಲೇ ಅಷ್ಟು ಮಾಡ್ತೀನಿ ಅತ್ತೆ."

ಅವರು ಚೊಂಬಿನಿಂದ ನೀರು ಎರೆದರು. ತುಂಬ ನಿಧಾನವಾಗಿ, ಉಸಿರು ಹಿಡಿದು, ಹೆಬ್ಬೆರಳ ಬಳಿ ಇಲ್ಲದ ಕಿವಿಯನ್ನು ಕಾಪಾಡುತ್ತ ಎರೆದರು. ಕೈ ನಡುಗುತ್ತಿತ್ತು, ಆದರೆ ಕೋಸು ಬೀಳಲಿಲ್ಲ. ನಾನು ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದೆ. ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ. ಇಡೀ ತಿಂಗಳು ಚಪ್ಪಲಿ ಗೂಡಿನ ಮೇಲೆ ನಾನು ಆಡಿದ ಮಾತುಗಳೆಲ್ಲ ನೆನಪಾಗಿ ನಾಚಿಕೆಯಾಯಿತು. ಮೂರು ಗಂಟೆಗೆ ಎಂದಿನಂತೆ ಕಾಫಿ ಹಿಡಿದು ಹೋದೆ, ಎಂದಿನಂತೆ ಶಟರ್ ಮುಚ್ಚಿಲ್ಲವೆಂದು ಗೊಣಗಿದೆ. ಕಂಡದ್ದನ್ನು ಹೇಳಲಿಲ್ಲ. ಆ ಸಂಜೆ ಕೋಸಿನ ಕೂಟು ಮಾಡಿ, ಎಣ್ಣೆನೀರು ಎರೆಸಿಕೊಂಡ ಪ್ರಾಣಿಯನ್ನು ತಿನ್ನುತ್ತಿದ್ದೇನಲ್ಲ ಎಂದು ಸ್ವಲ್ಪ ಸಂಕಟಪಟ್ಟೆ.

ಫೆಬ್ರವರಿಯಲ್ಲಿ ಮಗಳು ಹುಟ್ಟಿದಳು. ಹನ್ನೊಂದನೆಯ ದಿನ ಮೊದಲ ಎಣ್ಣೆನೀರು. ಆ ಬೆಳಿಗ್ಗೆ ನನ್ನನ್ನೂ ಮಗುವನ್ನೂ ಕೋಣೆಯಲ್ಲೇ ಇರಿಸಿ, ಯಜಮಾನರು ಶಟರನ್ನು ಮೊಟ್ಟಮೊದಲ ಸಲ ನೆಲದವರೆಗೆ ಎಳೆದು ಎರಡೂ ಸ್ಟವ್ ಉರಿಸಿ, ಆಮೇಲೆ ಅವನ್ನು ಆರಿಸಿ ಹೊರಗಿಟ್ಟು, ಒಂದು ಕ್ಷಣ ಗಾಳಿ ಆಡಿಸಿ, ಮತ್ತೆ ಶಟರ್ ಮುಚ್ಚಿದರು. ನಾನು ಮಗುವನ್ನೆತ್ತಿಕೊಂಡು ಒಳಗೆ ಕಾಲಿಟ್ಟಾಗ ಮೈಸೂರಿನ ಬಚ್ಚಲಮನೆಗೆ ಕಾಲಿಟ್ಟಂತಾಯಿತು. ಥರ್ಮಾಮೀಟರ್ ಇಪ್ಪತ್ತೇಳು ತೋರಿಸುತ್ತಿತ್ತು! ಎರಡು ತಿಂಗಳು ಹದಿಮೂರು ದಾಟದ ಗ್ಯಾರೇಜ್ ಇವತ್ತು ಹೇಗೆ ಕಾಯಿತು ಎಂದು ಒಂದು ಕ್ಷಣ ಆಶ್ಚರ್ಯವಾದರೂ, ಕಣ್ಣೆದುರು ನಡೆಯುತ್ತಿದ್ದುದರ ಮುಂದೆ ಆ ಯೋಚನೆ ನಿಲ್ಲಲಿಲ್ಲ.

ಅವರು ಕಾಲು ಚಾಚಿ ಕೂತು ಕೈ ನೀಡಿದರು. ಫೋನಿನಲ್ಲಿ ಅಮ್ಮ. ಮಗು ಒಮ್ಮೆ ಅತ್ತಿತು, ಬೆನ್ನಿಗೆ ಬೆಚ್ಚನೆಯ ನೀರು ಬಿದ್ದೊಡನೆ ಸುಮ್ಮನಾಯಿತು. ಎಡಗೈ ಹಣೆಗೆ ಅಡ್ಡವಿತ್ತು, ಹೆಬ್ಬೆರಳು ಕಿವಿಯ ಹತ್ತಿರ. ಕೈ ನಡುಗಲಿಲ್ಲ. ಅಮ್ಮ ಮೊದಲಿಂದ ಕೊನೆಯವರೆಗೆ ಒಂದು ತಪ್ಪೂ ಹಿಡಿಯಲಿಲ್ಲ. ಕೊನೆಯಲ್ಲಿ, "ಚೆನ್ನಾಗಿ ಎರೆದ್ರಿ" ಎಂದಳು, ಆಮೇಲೆ ಅವಳ ಫೋನು ಸೂರು ನೋಡತೊಡಗಿತು. ಕಣ್ಣೊರೆಸಿಕೊಳ್ಳಲು ಕೆಳಗಿಟ್ಟಿದ್ದಳು.

"ಎಲ್ಲಿ ಕಲಿತ್ರಿ ಇದನ್ನೆಲ್ಲ?" ಎಂದು ನಾನು ಬಹಳ ಮುಗ್ಧಳಂತೆ ಕೇಳಿದೆ.

"ಎಂಜಿನಿಯರ್ ಅಲ್ವೇನೇ" ಎಂದರು.

ಇರಲಿ ಎಂದು ಬಿಟ್ಟುಕೊಟ್ಟೆ. ಗಡಿ ತೆರೆದು ಅಮ್ಮ ಬರುವ ಹೊತ್ತಿಗೆ ಮಗಳು ನಡೆಯುತ್ತಿದ್ದಳು. ಹಮಾಮತ್ಸು ಸ್ಟೇಷನ್ನಿನಲ್ಲಿ ಅಳಿಯನನ್ನು ಕಂಡೊಡನೆ ಅಮ್ಮ ಸೆರಗು ಸರಿಮಾಡಿಕೊಂಡು, "ಚೆನ್ನಾಗಿದ್ದಾರಂತಾ ಕೇಳೇ" ಎಂದು ನನ್ನನ್ನು ಕೇಳಿದಳು. ಎರಡು ತಿಂಗಳು ಕೂತು ಕೋಸಿಗೆ ನೀರೆರೆಸಿದ ಹೆಂಗಸು! ಅವರೂ, "ಚೆನ್ನಾಗಿದೀನಿ ಅಂತ ಹೇಳು" ಎಂದರು. ಕಂಬ ಮತ್ತೆ ಕೆಲಸಕ್ಕೆ ನಿಂತಿತು.

ಚಪ್ಪಲಿ ಗೂಡು ಈಗಲೂ ನಮ್ಮ ಬಾಗಿಲಲ್ಲಿದೆ, ಎಡಕ್ಕೆ ವಾಲಿಕೊಂಡು. ಚಳಿಯಲ್ಲಿ ಅಂಟು ಹಿಡಿಯುವುದಿಲ್ಲ ಎಂದು ಅವರು ಹೇಳಿದ್ದು ಮಾತ್ರ ನಿಜ.

ಹೀಗೆ ಇವತ್ತು ಬೆಳಿಗ್ಗೆಗೆ ಬರುತ್ತೇನೆ. ಸ್ಟವ್ ಹತ್ತಿತು, ಮಗಳು ಓಡಿದಳು, ನಾನು ಉಸಿರೆಳೆದುಕೊಂಡೆ. ಯಜಮಾನರು ಹೋಗಿ, ಅಭ್ಯಾಸಬಲದಿಂದ, ಶಟರನ್ನು ಒಂದು ಗೇಣು ಎತ್ತಿದರು. ಬಯಲಿನ ಗಾಳಿ ನುಗ್ಗಿತು.

"ಇನ್ನೂ ಕೊರೋನಾ ಕಾಲ ಅಂದ್ಕೊಂಡಿದ್ದೀರಾ? ಒಂದು ದಿನ, ಮಗೂಗೆ ನೀರೆರೆದ ದಿನ, ಮುಚ್ಚಿ ತೋರಿಸಿದ್ರಿ. ಇಪ್ಪತ್ತೇಳಕ್ಕೆ ಹೋಯ್ತು. ಅದಕ್ಕೆ ಮುಂಚೆ ಎರಡು ತಿಂಗಳು ಯಾಕ್ರೀ ಚಳೀಲಿ ಸತ್ತಿದ್ದು?"

ಅವರು ಕೆಟಲನ್ನು ಸ್ಟವ್ ಮೇಲಿಟ್ಟು, ನನ್ನ ಕಡೆ ತಿರುಗದೆ ಹೇಳಿದರು. "ಕಾಫಿ ನನಗೆ ಅಂತ ತಂದು, ಡಬ್ಬಿ ಪಕ್ಕ ಕೂತು ನೀನೇ ಕುಡಿದು ಹೋಗ್ತಿದ್ದೆಯಲ್ಲ. ಮೊದಲ ವಾರಾನೇ ಗೊತ್ತಾಯ್ತು, ನನ್ನ ನೋಡೋಕೆ ಬರ್ತಿಲ್ಲ ಅಂತ. ಬರಬೇಡ ಅನ್ನೋಣ ಅಂದ್ರೆ, ಅಲ್ಲಿ ಕೂತಾಗ ಮಾತ್ರ ನೀನು ಅಳ್ತಿರಲಿಲ್ಲ. ನೀನು ಯಾವ ಹೊತ್ತಲ್ಲಿ ಬರ್ತೀಯೋ ಏನೋ. ಮುಚ್ಚಿಟ್ಟ ಸ್ಟವ್ ಹೊಗೆ ಬಸುರಿಗೆ ಆಗುತ್ತಾ? ಅದಕ್ಕೇ ದಿನವೆಲ್ಲ ತೆಗೆದಿಟ್ಟಿರ್ತಿದ್ದೆ."

ಈ ಮನುಷ್ಯನಿಗೆ ಬಿಸಿ ಮಾಡಲು ಬರುವುದಿಲ್ಲ ಎಂದು ನಾಲ್ಕು ವರ್ಷ, ಸಿಕ್ಕವರಿಗೆಲ್ಲ ಹೇಳಿ ನಗಿಸಿದ್ದೆ. ಮಗುವಿಗಾಗಿ ಇಪ್ಪತ್ತಾರು ಡಿಗ್ರಿ ಬೇಕೆಂದು ಹಟ ಹಿಡಿದು ಗೋಡೆ, ನೆಲ, ಕಿಟಕಿಯನ್ನೆಲ್ಲ ಮುಚ್ಚಿದವರು, ನನಗಾಗಿ ಆ ಗೇಣನ್ನು ತೆರೆದಿಟ್ಟು, ನನ್ನ ಗೇಲಿಯನ್ನೂ ಗಾಳಿಯನ್ನೂ ಒಟ್ಟಿಗೆ ಕಾಲಿಗೆ ಹೊಡೆಸಿಕೊಂಡು ಕೂತಿದ್ದರು.

ಸುಮ್ಮನೆ ಸೋಲುವುದು ನನ್ನ ಜಾಯಮಾನವಲ್ಲ. ಮುಕ್ಕಾಲಿಯನ್ನು ಎಳೆದುಕೊಂಡೆ, ಈ ಸಲ ಕೆಂಪು ಡಬ್ಬಿಯ ಕಡೆಗಲ್ಲ, ಅವರ ಕಡೆಗೆ. ಕೂತು ಕೇಳಿದೆ:

"ರೀ, ಆ ಕೋಸಿಗೆ ಕಿವಿ ಎಲ್ಲಿದೆ ಅಂತ ಕೊನೆಗೂ ಗೊತ್ತಾಯ್ತಾ?"

ಅವರು ತಿರುಗಿ ನೋಡಿದರು. ಹಣೆಯಿಂದ ಕತ್ತಿನವರೆಗೆ ಕೆಂಪಾದರು. ಎಂಜಿನ್ ತಣ್ಣಗಿಡುವವರಿಗೆ ಆ ಬಿಸಿಯನ್ನು ಎಲ್ಲಿಗೆ ಅಟ್ಟಬೇಕೋ ತಿಳಿಯಲಿಲ್ಲ. ಆಮೇಲೆ ಶಟರ್ ಮುಚ್ಚಲು ಹೊರಟರು.

"ಇರಲಿ ಬಿಡಿ," ಎಂದೆ ನಾನು, "ಹಾಗೇ ಇರಲಿ."